ತಂದೆಯ ಹೆಸರಿನ ಕಾಲಮು

ಪ್ರತಿ ವರುಷ ಮುಂಗಾರಿನ ಆರಂಭದಲ್ಲಿ ಶಾಲೆಗಳು ತೆರೆಯುವಾಗ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಮಾಸ್ತರರು ಓಣಿ ಓಣಿ ತಿರುಗಿ, ಆರು ವರುಷದ ಮಕ್ಕಳನ್ನು ಶಾಲೆಗೆ ಕಳುಹಿಸಿರೆಂದು ಮನೆಯವರಿಗೆ ಹೇಳುತ್ತಾರೆ. ಮಕ್ಕಳ ಕೈಯಲ್ಲಿ ಫಲಕಗಳನ್ನು ಕೊಟ್ಟು ಮೆರವಣಿಗೆ ತೆಗೆಯುವದೂ ಉಂಟು. ಊರಿನ ಎಲ್ಲಾ ಮಕ್ಕಳೂ ಶಾಲೆಯಲ್ಲಿರಬೇಕೆಂಬ ಮಾತನ್ನು ಈಗ ಬಹಿರಂಗವಾಗಿ ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಈ 'ಎಲ್ಲಾ' ಎಂಬ ಶಬ್ದದಲ್ಲಿ ಯಾರಾರು ಸೇರಿರುತ್ತಾರೆಂಬದು ಮೆರವಣಿಗೆಯ ಹೊತ್ತಿನಲ್ಲಿ ತಿಳಿಯುವದಿಲ್ಲ. ಮಾಸ್ತರರು ಮೇಜಿನ ಮೇಲೆ ದಾಖಲಾತಿ ಪುಸ್ತಕವನ್ನು ತೆರೆದು, ಲೇಖಣಿಯನ್ನು ಕೈಗೆ ತೆಗೆದುಕೊಂಡು, ಎದುರಿಗೆ ನಿಂತ ತಾಯಿಯನ್ನು ಕೇಳಲಾರಂಭಿಸಿದಾಗಲೇ ಅದು ತಿಳಿಯುತ್ತದೆ. ಮಗುವಿನ ಹೆಸರೇನು? ಹುಟ್ಟಿದ ತಾರೀಖು ಯಾವದು? ಜಾತಿ ಯಾವದು? ತಂದೆಯ ಹೆಸರೇನು? ಈ ತಿಂಗಳ ಪಾಠವು ಈ ಕಡೆಯ ಪ್ರಶ್ನೆಯ ವಿಷಯವಾಗಿಯೂ, ಅದಕ್ಕೆ ಉತ್ತರ ಕೊಡಲಾರದ ತಾಯಂದಿರ ಮತ್ತು ಮಕ್ಕಳ ವಿಷಯವಾಗಿಯೂ ಇರುವದು.

ಇಂಥಾ ತಾಯಂದಿರು ಯಾರೆಂಬದನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರೆನ್ನಿಸಿಕೊಂಡ ಹೆಂಗಸರು ಈ ಮೂರೂ ತಾಲೂಕುಗಳಲ್ಲಿ ಬಹುಕಾಲದಿಂದ ಇದ್ದಾರೆ. ಸರಕಾರವು ೧೯೯೩-೯೪ರಲ್ಲಿಯೂ ೨೦೦೭-೦೮ರಲ್ಲಿಯೂ ಮಾಡಿಸಿದ ಎರಡು ಎಣಿಕೆಗಳನ್ನು ಕೂಡಿಸಿದರೆ ಕರ್ನಾಟಕದಲ್ಲಿ ಇಂಥವರು ಒಟ್ಟು ೪೬,೬೬೦ ಮಂದಿ ಎಂದು ಲೆಕ್ಕವಾಯಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಬಳ್ಳಾರಿ ಮೊದಲಾದ ಉತ್ತರದ ಜಿಲ್ಲೆಗಳಲ್ಲಿಯೇ ಇವರು ಬಹಳ. ಬಹುಮಟ್ಟಿಗೆ ಎಲ್ಲರೂ ಪರಿಶಿಷ್ಟ ಜಾತಿಗಳ ಬಡ ಮನೆಗಳವರು. ಮುತ್ತು ಕಟ್ಟುವದು ಅಪರಾಧವೆಂದು ಕಾನೂನು ಆದ ಮೇಲೆ ಕಟ್ಟಿಸಿಕೊಂಡವರು ಎಣಿಕೆಯವರ ಮುಂದೆ ಬಂದು ಹೆಸರು ಹೇಳಲು ಅಂಜುವದು ಸಹಜವಾದ್ದರಿಂದ, ಈ ಲೆಕ್ಕದ ಹೊರಗೆ ಉಳಿದವರೂ ಇದ್ದಾರೆಂದು ತಿಳಕೊಳ್ಳಬೇಕು. ಅವರ ಮಕ್ಕಳ ಲೆಕ್ಕವಂತೂ ಈ ಅಂಕಿಯಲ್ಲಿ ಸೇರಿಯೇ ಇಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಎಲ್ಲಮ್ಮನಿಗೆ ನಡೆದುಕೊಳ್ಳುವ ಜನರು ಲಕ್ಷಾಂತರ; ಹುಣ್ಣಿವೆಗಳಲ್ಲಿ ಚಕ್ಕಡಿ ಹೂಡಿಕೊಂಡು, ಬಸ್ಸು ಹಿಡಿದು ಗುಡ್ಡಕ್ಕೆ ಹೋಗಿಬರುವ ಒಕ್ಕಲಿಗರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ತಮ್ಮ ಮಗಳಿಗೆ ಮುತ್ತು ಕಟ್ಟಿಸುವ ಯೋಚನೆಯನ್ನೇ ಮಾಡಿದವರಲ್ಲ. ಆದಕಾರಣ ಈ ಪದ್ಧತಿಯ ತಪ್ಪನ್ನು ಅವರೆಲ್ಲರ ತಲೆಯ ಮೇಲೆ ಹೊರಿಸುವದು ನ್ಯಾಯವಲ್ಲ. ಪದ್ಧತಿಯ ಬೇರುಗಳು ಬೇರೆ ಕಡೆಯಲ್ಲಿಯೂ ಇವೆ. ಮನೆಯಲ್ಲಿ ಗಂಡುಸಂತಾನವಿಲ್ಲದಿದ್ದರೆ ಮುಪ್ಪಿನಲ್ಲಿ ತಂದೆತಾಯಿಗಳನ್ನು ನೋಡುವವರು ಯಾರು? ಮದುವೆಯಾದ ಮಗಳು ಗಂಡನ ಮನೆಗೆ ಹೋಗುವಳು; ಮುತ್ತು ಕಟ್ಟಿಸಿಕೊಂಡ ಮಗಳು ತವರಿನಲ್ಲಿಯೇ ಉಳಿದು, ಮಗನ ಸ್ಥಾನದಲ್ಲಿ ನಿಂತು, ದುಡಿದು ಹಾಕುವಳು; ಆಸ್ತಿಯಿದ್ದರೆ ಅದು ಅವಳಿಗೆ ಬರುವದು. ಇದು ಒಂದು ಕಾರಣ. ಕೂಸಿಗೆ ಜಡ್ಡು ಬಂದಾಗ ಹೊತ್ತ ಹರಕೆ ಇನ್ನೊಂದು. ತಲೆಯಲ್ಲಿ ಕೂದಲು ಗಂಟುಗಟ್ಟಿ ಜಡೆಯಾದರೆ ಅದು ದೇವಿಯ ಕರೆಯೆಂದು ನಂಬುವದು ಮತ್ತೊಂದು. ಇವೆಲ್ಲವುಗಳ ಕೆಳಗೆ ಬಡತನವಿರುತ್ತದೆ. ಆ ಬಡತನವನ್ನು ನೋಡಿ ಲಾಭ ಮಾಡಿಕೊಳ್ಳುವ ಊರ ದೊಡ್ಡವರೂ ಇರುತ್ತಾರೆ. ಅವರ ಹೆಸರು ಯಾವ ಎಣಿಕೆಯಲ್ಲಿಯೂ ಬಂದದ್ದಿಲ್ಲ.

ಹೀಗಿರಲಾಗಿ, ಇಂಥಾ ತಾಯಿಗೆ ಹುಟ್ಟಿದ ಮಗುವು ಶಾಲೆಯ ಬಾಗಿಲಿಗೆ ಬರುತ್ತದೆ. ತಂದೆಯಾದವನು ಅದೇ ಊರಲ್ಲಿ ಇದ್ದಾನು; ಮಾಸ್ತರರಿಗೂ ಅವನ ಗುರುತು ಇದ್ದೀತು. ಆದರೆ ಅವನ ಹೆಸರನ್ನು ಹೇಳುವ ಅಧಿಕಾರವು ತಾಯಿಗೆ ಇಲ್ಲ, ಹೇಳಿದರೆ ಅವನು ಒಪ್ಪುವದೂ ಇಲ್ಲ. ಬಹುಕಾಲ ಈ ಕಡೆಯ ಶಾಲೆಗಳಲ್ಲಿ ನಡೆದ ಮಾತು ಇಷ್ಟೇ:

"ಯವ್ವಾ, ಇವನ ತಂದೀ ಹೆಸರೇನು?"

"ಅವರ ಹೆಸರು ಬ್ಯಾಡ್ರಿ ಸರ. ನಮ್ಮಪ್ಪನ ಹೆಸರು ಬರಕೋರ್ರಿ."

ಕನಿಕರವುಳ್ಳ ಮಾಸ್ತರರು ಹಾಗೆಯೇ ಬರೆದುಕೊಳ್ಳುತ್ತಿದ್ದರು. ಕೆಲವೆಡೆ ತಾಯಿಯ ತಂದೆಯ ಹೆಸರು, ಕೆಲವೆಡೆ ಅವಳ ಅಣ್ಣನ ಹೆಸರು ತಂದೆಯ ಕಾಲಮಿನಲ್ಲಿ ಬಿದ್ದಿತು. ಆ ಹೊತ್ತಿಗೆ ಕಷ್ಟವು ತೀರಿತೆಂದು ಇಬ್ಬರಿಗೂ ಅನ್ನಿಸುತ್ತಿತ್ತು. ಕನಿಕರವಿಲ್ಲದವರಾದರೋ ಹತ್ತು ಜನರ ಎದುರಿಗೆ ಎರಡು ಸಾರಿ, ಮೂರು ಸಾರಿ ಕೇಳಿ, ತಾಯಿ ಸುಮ್ಮನೆ ನಿಂತಾಗ, ನಾಳೆ ಬಾ ಎಂದು ಕಳುಹಿಸುತ್ತಿದ್ದರು. ನಾಳೆ ಅವಳು ಬರುತ್ತಿರಲಿಲ್ಲ. ಹೊಲದಲ್ಲಿ ಕೂಲಿಯಿತ್ತು, ಮಗುವು ಕುರಿ ಕಾಯಲಿಕ್ಕೆ ಹೋಗುತ್ತಿತ್ತು.

ಕನಿಕರದಿಂದ ಬರೆದ ಹೆಸರು ಮುಂದೆ ಏನು ಮಾಡುತ್ತದೆಂಬದನ್ನು ವಾಚಕರು ಸ್ವಲ್ಪ ವಿಚಾರಿಸಬೇಕು. ಪುಸ್ತಕದಲ್ಲಿ ತಂದೆಯ ಹೆಸರಿನ ಪಕ್ಕದಲ್ಲಿ ತಾಯಿಯ ಹೆಸರಿನ ಕಾಲಮೂ ಉಂಟು. ಒಂದರಲ್ಲಿ ತಾಯಿಯ ಹೆಸರು, ಇನ್ನೊಂದರಲ್ಲಿ ಅವಳ ಅಣ್ಣನ ಹೆಸರು ಇದ್ದರೆ, ಓದಿದವರಿಗೆ ಅವರಿಬ್ಬರೂ ಗಂಡಹೆಂಡಿರೆಂದು ತೋರುವದು. ಒಡಹುಟ್ಟಿದವರನ್ನು ಕಾಗದವು ಹೀಗೆ ಕೂಡಿಸುವದು ಎಷ್ಟು ನಾಚಿಕೆಯ ಸಂಗತಿ! ಹುಡುಗನು ಸಣ್ಣವನಿರುವಾಗ ಇದು ಅವನಿಗೆ ತಿಳಿಯುವದಿಲ್ಲ. ಹತ್ತನೆಯ ತರಗತಿಗೆ ಬಂದು, ಪರೀಕ್ಷೆಯ ಅರ್ಜಿಯನ್ನು ತಾನೇ ತುಂಬುವಾಗ ತಿಳಿಯುತ್ತದೆ. ಮುಂದೆ ಜಾತಿಯ ಪ್ರಮಾಣಪತ್ರಕ್ಕಾಗಿ ತಲಾಟಿಯ ಬಳಿಗೆ ಹೋದರೆ ತಂದೆಯ ಕಾಗದ ತಾ ಎನ್ನುತ್ತಾರೆ. ರೇಷನ್ ಕಾರ್ಡಿನಲ್ಲಿ ಒಂದು ಸಂಬಂಧ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಸಂಬಂಧ. ವಿದ್ಯಾರ್ಥಿವೇತನವು ನಿಲ್ಲುತ್ತದೆ, ವಸತಿನಿಲಯದ ಅರ್ಜಿಯು ಹಿಂದಿರುಗುತ್ತದೆ. ಒಮ್ಮೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರನ್ನು ತಿದ್ದಿಸುವದು ಎಷ್ಟು ಕಷ್ಟವೆಂಬದು ಅದಕ್ಕಾಗಿ ಅಲೆದವರಿಗೇ ಗೊತ್ತು.

ಕಾಗದದ ಕಷ್ಟವು ಹೀಗಾದರೆ, ತರಗತಿಯೊಳಗಿನ ಕಷ್ಟವು ದಿನದಿನದ್ದು. ಬರೆಯಲು ತಪ್ಪಿದ ಹುಡುಗನಿಗೆ, ನಾಳೆ ನಿಮ್ಮಪ್ಪನ್ನ ಕರಕೊಂಡು ಬಾ, ಎನ್ನುವದು ಎಲ್ಲಾ ಮಾಸ್ತರರ ಬಾಯಲ್ಲಿರುವ ಮಾತು. ಪ್ರಗತಿಪತ್ರದ ಮೇಲೆ ಅಪ್ಪನ ಸಹಿ ಆಗಬೇಕು. 'ನನ್ನ ತಂದೆ' ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆದು ತರಬೇಕು. ಇವುಗಳಲ್ಲಿ ಯಾವದನ್ನೂ ಯಾರೂ ಕೆಟ್ಟ ಮನಸ್ಸಿನಿಂದ ಹೇಳುವದಿಲ್ಲ. ಆದಾಗ್ಯೂ ಮಧ್ಯಾಹ್ನ ಅಕ್ಷರ ದಾಸೋಹದ ಊಟದ ಸಾಲಿನಲ್ಲಿ ಕೂತಾಗ ಪಕ್ಕದ ಹುಡುಗನು ಅದೇ ಮಾತನ್ನು ಎತ್ತಿ ಆಡಿ ನಗುತ್ತಾನೆ. ಆ ಬೈಗುಳಗಳನ್ನು ಇಲ್ಲಿ ಅಚ್ಚು ಮಾಡುವದು ಯೋಗ್ಯವಲ್ಲ. ಎರಡು ಮೂರು ವರುಷ ಕೇಳಿದ ಬಳಿಕ ಮಗುವು ತಾನಾಗಿಯೇ ಶಾಲೆ ಬಿಡುತ್ತದೆ. ದಾಖಲೆಯಲ್ಲಿ ಮಾತ್ರ, ಗೈರುಹಾಜರಿಯ ಕಾರಣ ಹೆಸರು ತೆಗೆಯಲಾಗಿದೆ ಎಂದಿರುತ್ತದೆ.

ಶಾಲೆಯ ಬಾಗಿಲಲ್ಲಿ ಮಗುವಿನ ಹುಟ್ಟನ್ನು ವಿಚಾರಿಸುವದು ನಮ್ಮ ಪ್ರಾಂತದಲ್ಲಿ ಹೊಸದಲ್ಲ. ಇದರ ಹಳೆಯ ಕಥೆಯೊಂದು ನೆರೆಯ ಧಾರವಾಡದಲ್ಲಿ ನಡೆದದ್ದು, ಕೇಳಿರಿ. ೧೮೫೬ನೆಯ ಇಸವಿ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಒಬ್ಬ ಹುಡುಗನು ಅಲ್ಲಿಯ ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಅರ್ಜಿ ಮಾಡಿದನು. ಆಗ ಧಾರವಾಡವೂ ಬೆಳಗಾವಿಯೂ ಮುಂಬಯಿ ಸರಕಾರದ ಆಳಿಕೆಗೆ ಒಳಗಾಗಿದ್ದವು. ಅರ್ಜಿಯು ಮೇಲಕ್ಕೆ ಹೋಯಿತು. ಮುಂಬಯಿ ಸರಕಾರದವರು ಕೊಟ್ಟ ಉತ್ತರವು ವಿಚಿತ್ರವಾದದ್ದು: ನ್ಯಾಯವು ಹುಡುಗನ ಪಕ್ಷದಲ್ಲಿದೆ ಎಂಬದನ್ನು ಅವರು ಒಪ್ಪಿದರು, ಆದರೆ ಒಬ್ಬನಿಗೋಸ್ಕರ ಉಳಿದವರೆಲ್ಲರೂ ಶಾಲೆ ಬಿಟ್ಟುಹೋದರೆ ಶಾಲೆಯಿಂದ ಪ್ರಯೋಜನವೇನೆಂದು ಹೇಳಿ ಅವನನ್ನು ಹೊರಗಿಟ್ಟರು. ಭಾರತ ಸರಕಾರದವರಿಗೆ ಈ ತೀರ್ಮಾನವು ಮೆಚ್ಚಿಕೆಯಾಗಲಿಲ್ಲ. ೧೮೫೮ರಲ್ಲಿ ಲಂಡನ್ನಿನಲ್ಲಿದ್ದ ಕಂಪನಿಯ ಡೈರೆಕ್ಟರರು, ಸರಕಾರಿ ಶಾಲೆಗಳು ಎಲ್ಲಾ ಜಾತಿಯವರಿಗೂ ತೆರೆದಿರತಕ್ಕವೆಂದು ಬರೆದು ಕಳುಹಿಸಿದರು. ೧೮೮೨ರ ಹಂಟರ್ ಆಯೋಗದವರೂ ಈ ತತ್ವವನ್ನೇ ಎತ್ತಿಹಿಡಿದರು.

ಕಾಗದದಲ್ಲಿ ಬಾಗಿಲು ಹೀಗೆ ತೆರೆಯಿತು. ಆದರೆ ಆ ಬಾಗಿಲೊಳಗೆ ಹೋದ ಮಕ್ಕಳು ಎಲ್ಲಿ ಕೂತರು? ಡಾಕ್ಟರ್ ಅಂಬೇಡ್ಕರರು ಸಾತಾರೆಯಲ್ಲಿ ಬಾಲಕರಾಗಿದ್ದಾಗ ತರಗತಿಯ ಮೂಲೆಯಲ್ಲಿ ಗೋಣೀತಟ್ಟಿನ ಮೇಲೆ ಬೇರೆಯಾಗಿ ಕೂಡ್ರಬೇಕಾಗಿತ್ತು. ಆ ತಟ್ಟನ್ನು ತಾವೇ ಮನೆಯಿಂದ ಹೊತ್ತು ತರಬೇಕಾಗಿತ್ತು. ಆ ಹೊತ್ತಿಗೆ ಡೈರೆಕ್ಟರರ ಆಜ್ಞೆಯು ನಾಲ್ವತ್ತು ವರುಷ ಹಳೆಯದಾಗಿತ್ತು. ಧಾರವಾಡದ ಹುಡುಗನ ಹೆಸರಾಗಲಿ, ಅವನು ಮುಂದೇನಾದನೆಂಬದಾಗಲಿ ನಮ್ಮ ಜನರ ಬಾಯಲ್ಲಿ ಉಳಿದಿಲ್ಲ. ಒಬ್ಬನಿಗೋಸ್ಕರ ಹತ್ತು ಮಂದಿಯನ್ನು ಕಳೆದುಕೊಳ್ಳಬೇಕೇ ಎಂಬ ಆ ಸರಕಾರಿ ತರ್ಕವು ಮಾತ್ರ ಇನ್ನೂ ಸತ್ತಿಲ್ಲ. ಶಾಲೆಯ ಸಮಿತಿಗಳಲ್ಲಿ ಕೂತವರು ಅದನ್ನು ಬೇರೆ ಬೇರೆ ಶಬ್ದಗಳಲ್ಲಿ ಕೇಳಿರುತ್ತಾರೆ.

ಇನ್ನು ಕಾನೂನುಗಳ ಮಾತಿಗೆ ಬರೋಣ. ಮುಂಬಯಿ ಇಲಾಖೆಯಲ್ಲಿ ೧೯೩೪ರಷ್ಟು ಹಿಂದೆಯೇ ದೇವದಾಸಿಯರ ರಕ್ಷಣೆಯ ಕಾನೂನು ಆಯಿತು. ನಮ್ಮ ತಾಲೂಕುಗಳಿಗೆ ಅದು ಅನ್ವಯಿಸುತ್ತಿತ್ತು. ಕರ್ನಾಟಕ ಸರಕಾರವು ೧೯೮೨ರಲ್ಲಿ ಸಮರ್ಪಣೆಯನ್ನು ಪೂರ್ತಿ ನಿಷೇಧಿಸುವ ಕಾನೂನನ್ನು ಮಾಡಿತು. ೧೯೮೪ರಲ್ಲಿ ಅದು ಜಾರಿಗೆ ಬಂತು. ಮುತ್ತು ಕಟ್ಟುವವರಿಗೂ ಕಟ್ಟಿಸುವವರಿಗೂ ಶಿಕ್ಷೆಯುಂಟು. ದೇವದಾಸಿಯಾದವಳು ಮದುವೆಯಾದರೆ ಆ ಮದುವೆಯು ಊರ್ಜಿತವೆಂದೂ, ಆ ಮದುವೆಯಲ್ಲಿ ಹುಟ್ಟಿದ ಮಕ್ಕಳು ನ್ಯಾಯಬದ್ಧರೆಂದೂ ಈ ಕಾನೂನು ಹೇಳಿತು. ಬಹು ಒಳ್ಳೆಯದು. ಆದರೆ ಮದುವೆಯೇ ಆಗದೆ ಉಳಿದ ಸಾವಿರಾರು ಮಂದಿಯ ಮಕ್ಕಳು ಯಾರ ಮಕ್ಕಳೆಂಬದಕ್ಕೆ ಅದು ಉತ್ತರ ಕೊಡಲಿಲ್ಲ.

ಉತ್ತರವು ಬೇರೊಂದು ಕಾನೂನಿನಲ್ಲಿ ಅದಕ್ಕೂ ಮುಂಚೆಯೇ ಇತ್ತು. ಹಿಂದೂ ಮಕ್ಕಳ ಪಾಲಕತ್ವದ ವಿಷಯವಾಗಿ ೧೯೫೬ರಲ್ಲಿ ಆದ ಕಾನೂನಿನ ಪ್ರಕಾರ, ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ತಾಯಿಯೇ ಮೊದಲನೆಯ ಪಾಲಕಳು; ತಂದೆಯು ಅವಳ ತರುವಾಯ. ನೋಡಿರಿ, ಶಾಲೆಯ ಮೇಜಿನ ಮುಂದೆ ಬಾಯಿ ಕಟ್ಟಿ ನಿಂತಿದ್ದ ಆ ತಾಯಿಯು ಕಾನೂನಿನ ಕಣ್ಣಿನಲ್ಲಿ ಪೂರ್ಣ ಪಾಲಕಳಾಗಿದ್ದಳು. ಇದನ್ನು ಅವಳಿಗೆ ಹೇಳಿದವರು ಯಾರೂ ಇರಲಿಲ್ಲ, ಮಾಸ್ತರರಿಗೆ ಹೇಳಿದವರೂ ಇರಲಿಲ್ಲ.

ಅದನ್ನು ಹೇಳುವ ಕೆಲಸವನ್ನು ಕಡೆಗೆ ಈ ಹೆಂಗಸರೇ ಮಾಡಿಕೊಂಡರು. ಗೋಕಾಕ ತಾಲೂಕಿನ ಘಟಪ್ರಭಾದ ಹೆಸರು ಕೇಳಿದರೆ ನಮಗೆ ಡಾಕ್ಟರ್ ಹರ್ಡೀಕರರ ಹೆಸರೂ ಅಲ್ಲಿಯ ಆರೋಗ್ಯಧಾಮವೂ ನೆನಪಿಗೆ ಬರುತ್ತವೆ. ಅದೇ ಘಟಪ್ರಭಾದಲ್ಲಿ ೧೯೯೭ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯು ಸ್ಥಾಪಿತವಾಯಿತು. ಅದಕ್ಕೆ ಮುಂಚೆ ಮೈರಾಡ ಎಂಬ ಸಂಸ್ಥೆಯವರು ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಕೂಡ ಈ ಭಾಗದಲ್ಲಿ ಕೆಲಸ ಮಾಡಿ, ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರ ಚಿಕ್ಕ ಚಿಕ್ಕ ಸಂಘಗಳನ್ನು ಕಟ್ಟಿದ್ದರು. ವಾರಕ್ಕೊಮ್ಮೆ ಕೂಡುವದು, ಕೈಲಾದಷ್ಟು ಹಣ ಇಡುವದು, ಆಡಿಗೋ ಎಮ್ಮೆಗೋ ಸಾಲ ತೆಗೆಯುವದು, ಮುತ್ತು ತೆಗೆದಿಡುವದು, ಬೇರೊಬ್ಬರ ಮನೆಯಲ್ಲಿ ಮುತ್ತು ಕಟ್ಟುವ ಸುದ್ದಿ ಬಂದರೆ ಹೋಗಿ ತಡೆಯುವದು, ಹೀಗೆ ಕೆಲಸವು ಬೆಳೆಯಿತು. ಘಟಪ್ರಭಾದ ಸಂಸ್ಥೆಯ ವಿಶೇಷವೇನಂದರೆ, ಅದನ್ನು ನಡಿಸುವವರು ಮಾಜಿ ದೇವದಾಸಿಯರೇ. ಅದರ ಮುಂದಾಳುಗಳಾದ ಸೀತವ್ವ ಜೋಡಟ್ಟಿಯವರು ಚಿಕ್ಕೋಡಿ ತಾಲೂಕಿನ ಕಬ್ಬೂರಿನವರು. ಗಂಡುಮಗನಿಲ್ಲದ ಮನೆಯಲ್ಲಿ ಹುಟ್ಟಿ, ಏಳು ವರುಷದವರಿರುವಾಗಲೇ ಸಮರ್ಪಿತರಾದವರು. ೨೦೧೮ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು.

ಒಂಟಿಯಾಗಿ ಮೇಜಿನ ಮುಂದೆ ನಿಂತ ತಾಯಿಗೂ ಸಂಘದ ನಾಲ್ಕು ಹೆಂಗಸರ ಕೂಡ ಬಂದ ತಾಯಿಗೂ ಬಹು ಭೇದವುಂಟು. ನಾಲ್ಕು ಜನರು ಬಂದು, ಸರ, ತಾಯಿ ಹೆಸರು ಬರಕೋರ್ರಿ, ಇನ್ನೊಂದು ಕಾಲಮು ಹಂಗ ಬಿಡ್ರಿ, ಎಂದು ಹೇಳಿದರೆ ಮಾಸ್ತರರಿಗೂ ಧೈರ್ಯ ಬರುತ್ತದೆ. ಬಹಳ ಮಾಸ್ತರರು ಹಾಗೆ ಬರೆಯಲು ಮನಸ್ಸಿದ್ದೂ ಮೇಲಿನವರಿಗೆ ಅಂಜುತ್ತಿದ್ದರೆಂಬದನ್ನು ಮರೆಯಬಾರದು.

ಹಳ್ಳಿಗಳಲ್ಲಿ ಈ ವಿಷಯವನ್ನು ಎತ್ತಿದಾಗ ಜನರು ಕೇಳುವ ಕೆಲವು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಪ್ರಶ್ನೆ: ತಂದೆಯ ಹೆಸರು ಬೇಡವೆಂದರೆ ಹೊಣೆಗೇಡಿಗಳಾದ ಗಂಡಸರಿಗೆ ಅನುಕೂಲವಾಗುವದಿಲ್ಲವೇ?

ಉತ್ತರ: ಇದು ತೂಕವುಳ್ಳ ಪ್ರಶ್ನೆ. ಆದರೆ ಶಾಲೆಯ ಕಾಲಮು ಇಂಥಾ ಒಬ್ಬ ತಂದೆಯನ್ನಾದರೂ ಹಿಡಿದು ತಂದದ್ದುಂಟೋ? ಅದರಲ್ಲಿ ಸಿಕ್ಕಿಕೊಂಡದ್ದು ಮಗುವು ಮಾತ್ರ. ತಂದೆಯನ್ನು ಹೊಣೆಗೆ ಗುರಿಮಾಡುವ ದಾರಿಯು ನ್ಯಾಯಾಲಯದಲ್ಲಿದೆ. ಮದುವೆಯ ಹೊರಗೆ ಹುಟ್ಟಿದ ಅಪ್ರಾಪ್ತ ಮಗುವಿಗೂ ತಂದೆಯಿಂದ ಜೀವನಾಂಶ ಕೇಳುವ ಹಕ್ಕು ಉಂಟೆಂದು ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ೧೨೫ನೆಯ ಕಲಮಿನಲ್ಲಿ ಹೇಳಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇದೇ ಮಾತು ೧೪೪ನೆಯ ಕಲಮಿನಲ್ಲಿದೆ. ಹಾಗೆ ಕೇಳುವದೋ ಬಿಡುವದೋ ತಾಯಿಗೂ ಮಗುವಿಗೂ ಸೇರಿದ್ದು. ಆರು ವರುಷದ ಕೂಸಿನ ಕೈಯಿಂದ ಶಾಲೆಯ ಮಾಸ್ತರರು ವಸೂಲು ಮಾಡತಕ್ಕ ಸಾಲವು ಇದಲ್ಲ.

ಪ್ರಶ್ನೆ: ತಾಯಿಯ ಹೆಸರೊಂದೇ ಸಾಕೆಂದರೆ ಈ ಪದ್ಧತಿಗೆ ಉತ್ತೇಜನ ಕೊಟ್ಟ ಹಾಗೆ ಆಗಲಿಲ್ಲವೇ?

ಉತ್ತರ: ಆಗುವದಿಲ್ಲ. ಯಾಕಂದರೆ ಶಾಲೆ ಬಿಟ್ಟು ಮನೆಯಲ್ಲಿ ಉಳಿದ ಹನ್ನೆರಡು ವರುಷದ ಮಗಳಿಗೇ ಮುತ್ತಿನ ಅಪಾಯವು ಹೆಚ್ಚು. ತಾಯಿಯು ದೇವದಾಸಿಯಾಗಿದ್ದ ಮನೆಯಲ್ಲಿ ಈ ಅಪಾಯವು ಇಮ್ಮಡಿಯಾಗುತ್ತದೆ. ದಿನಾಲು ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಕರೆಯಲ್ಪಡುತ್ತಿದ್ದರೆ, ಒಂದು ದಿನ ಅವಳು ಬಾರದಿದ್ದಾಗ ಕೇಳುವವರು ಇರುತ್ತಾರೆ.

ಪ್ರಶ್ನೆ: ಇಂಥಾ ಮಕ್ಕಳಿಗೆ ಬೇರೆ ಶಾಲೆ ಮಾಡುವದೇ ಲೇಸಲ್ಲವೇ? ಅಲ್ಲಿ ಅವರನ್ನು ಹಂಗಿಸುವವರು ಇರುವದಿಲ್ಲವಲ್ಲ.

ಉತ್ತರ: ಈ ಪ್ರಶ್ನೆಯು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು. ಗೌರವ ಜೈನ ಎಂಬ ವಕೀಲರು ವೇಶ್ಯಾವೃತ್ತಿಯಲ್ಲಿ ಸಿಕ್ಕ ತಾಯಂದಿರ ಮಕ್ಕಳಿಗೆ ಬೇರೆ ಶಾಲೆ, ಬೇರೆ ವಸತಿಗೃಹ ಮಾಡಿಸಿಕೊಡಬೇಕೆಂದು ಬೇಡಿಕೊಂಡಿದ್ದರು. ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಬೇರ್ಪಡಿಸುವದು ಮಕ್ಕಳಿಗೂ ಸಮಾಜಕ್ಕೂ ಹಿತವಲ್ಲವೆಂದು ಅಭಿಪ್ರಾಯಪಟ್ಟಿತು. ಅದೇ ಹೆಸರಿನ ಪ್ರಕರಣದಲ್ಲಿ ೧೯೯೭ರಲ್ಲಿ ಕೊಟ್ಟ ತೀರ್ಪಿನಲ್ಲಿ ಈ ಮಕ್ಕಳಿಗೆ ಸಮಾನ ಅವಕಾಶವೂ ಮಾನವೂ ಸಲ್ಲತಕ್ಕವೆಂದೂ, ಮೇಲೊಂದು ಕಳಂಕವನ್ನು ಹಚ್ಚದೆ ಅವರನ್ನು ಸಮಾಜದ ಮುಖ್ಯ ಪ್ರವಾಹದಲ್ಲಿ ಸೇರಿಸಿಕೊಳ್ಳಬೇಕೆಂದೂ ಹೇಳಿತು.

ಈ ಮೂರನೆಯ ಉತ್ತರಕ್ಕೆ ನನ್ನದೊಂದು ಮಾತು ಸೇರಿಸುವದಿದೆ. ನಮ್ಮ ಜಿಲ್ಲೆಯ ಅಥಣಿಯಲ್ಲಿ ವಕೀಲರಾದ ಬಿ. ಎಲ್. ಪಾಟೀಲರು ೧೯೮೦ರ ದಶಕದಲ್ಲಿ ವಿಮೋಚನಾ ಎಂಬ ಸಂಘವನ್ನು ಕಟ್ಟಿದರು; ಆ ಸಂಘದವರು ಮಲಾಬಾದದಲ್ಲಿ ದೇವದಾಸಿಯರ ಮಕ್ಕಳಿಗಾಗಿ ವಸತಿಶಾಲೆಯನ್ನು ತೆರೆದರು. ಊರ ಶಾಲೆಯು ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲಿ, ಮನೆಯಲ್ಲಿ ಇಟ್ಟರೆ ಮಗಳು ಕೈತಪ್ಪುವಳೆಂಬ ಭಯವಿದ್ದ ಕಾಲದಲ್ಲಿ, ಅಂಥಾ ಶಾಲೆಯು ಎಷ್ಟೋ ಮಕ್ಕಳನ್ನು ಉಳಿಸಿಕೊಂಡಿತು. ಹೊಳೆ ಏರಿದಾಗ ದೋಣಿಯೇ ಬೇಕು. ಆದುದರಿಂದ ಬೇರೆ ಶಾಲೆ ಮಾಡಿದವರನ್ನು ನಾನು ಎಷ್ಟು ಮಾತ್ರಕ್ಕೂ ಆಕ್ಷೇಪಿಸುವದಿಲ್ಲ. ಆದರೆ ದೂರದಲ್ಲಿ ಒಳ್ಳೆಯದೊಂದು ವಸತಿಶಾಲೆ ಇದೆಯೆಂಬದನ್ನೇ ನೆವ ಮಾಡಿಕೊಂಡು, ಅಲ್ಲಿಗೆ ಕಳಿಸಿಬಿಡ್ರಿ, ಎಂದು ಕೈತೊಳೆದುಕೊಳ್ಳುವ ಊರಿನವರ ಬುದ್ಧಿಯು ೧೮೫೬ರ ಮುಂಬಯಿ ಸರಕಾರದ ಬುದ್ಧಿಯೇ ಆಗಿದೆ. ತಾಯಿ ಇರುವ ಊರಲ್ಲಿ, ತಾಯಿಯ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಇರುವಾಗ ಆ ಶಾಲೆಯೇ ಮಗುವಿನ ಶಾಲೆ.

ಕಳೆದ ಹದಿನೈದು ವರುಷಗಳಲ್ಲಿ ಆದ ಬದಲಾವಣೆಗಳು ಈ ಪಾಠವನ್ನು ಕಲಿಯುವವರಿಗೆ 'ಆಧಾರ'ವಾಗಿವೆ. ೨೦೦೯ರಲ್ಲಿ ಆಗಿ ೨೦೧೦ರ ಏಪ್ರಿಲ್ ೧ರಿಂದ ನಡೆಯಲ್ಲಿ ಬಂದ ಶಿಕ್ಷಣದ ಹಕ್ಕಿನ ಕಾನೂನಿನ ಪ್ರಕಾರ ಆರರಿಂದ ಹದಿನಾಲ್ಕು ವರುಷದ ಯಾವ ಮಗುವನ್ನೂ ವಯಸ್ಸಿನ ಪುರಾವೆ ಇಲ್ಲವೆಂದು ಹಿಂದಕ್ಕೆ ಕಳುಹಿಸಕೂಡದು. ವರುಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಕಬ್ಬು ಕಡಿಯಲು ಗಾಡಿ ಕಟ್ಟಿಕೊಂಡು ಬರುವವರ ಮಕ್ಕಳಿಗೆ ಇದೇ ಕಲಮು ಆಸರೆ. ಮಕ್ಕಳನ್ನು ಹೊಡೆಯುವದಷ್ಟೇ ಅಲ್ಲ, ಮನಸ್ಸನ್ನು ನೋಯಿಸಿ ಪೀಡಿಸುವದನ್ನೂ ಹದಿನೇಳನೆಯ ಕಲಮು ನಿಷೇಧಿಸಿದೆ. ತಾಯಿ ಎಚ್.ಐ.ವಿ. ರೋಗದಿಂದ ತೀರಿಕೊಂಡು ಅಜ್ಜಿಯ ಕೈಯಲ್ಲಿ ಬೆಳೆಯುವ ಮಕ್ಕಳೂ ಇಂಥಾ ಮನೆಗಳಲ್ಲಿ ಇದ್ದಾರೆ. ಆ ರೋಗದ ಕಾರಣದಿಂದ ಶಾಲೆಯಲ್ಲಿ ಭೇದ ಮಾಡುವದು ೨೦೧೭ರ ಕಾನೂನಿನಂತೆ ನಿಷಿದ್ಧ.

೨೦೧೫ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಮದುವೆಯಿಲ್ಲದ ಒಬ್ಬ ತಾಯಿಯ ವ್ಯಾಜ್ಯದಲ್ಲಿ ಕೊಟ್ಟ ತೀರ್ಪನ್ನು ನಮ್ಮ ಸಭೆಗಳವರು ವಿಶೇಷವಾಗಿ ತಿಳಕೊಳ್ಳಬೇಕು, ಯಾಕಂದರೆ ಆ ತಾಯಿಯು ಕ್ರೈಸ್ತಳಾಗಿದ್ದಳು. ಮಗುವಿನ ಪಾಲಕಳಾಗಿ ನೇಮಕ ಹೊಂದಲು ಅವಳು ತಂದೆಯ ಹೆಸರನ್ನು ಹೇಳಲೇಬೇಕೆಂದಾಗಲಿ, ಅವನಿಗೆ ನೋಟೀಸು ಕೊಡಿಸಲೇಬೇಕೆಂದಾಗಲಿ ಇಲ್ಲವೆಂದು ನ್ಯಾಯಾಲಯವು ತೀರ್ಮಾನಿಸಿತು. ಇದಲ್ಲದೆ, ಒಂಟಿ ತಾಯಿಯು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಜನನದ ದಾಖಲೆ ಕೇಳಿದರೆ, ಅವಳಿಂದ ಒಂದು ಪ್ರಮಾಣಪತ್ರ ಬರೆಯಿಸಿಕೊಂಡು ಅದನ್ನು ಕೊಡತಕ್ಕದ್ದೆಂದು ಅಧಿಕಾರಿಗಳಿಗೆ ಆಜ್ಞೆ ಮಾಡಿತು. ಹಾಗಾದರೆ ನಮ್ಮ ಸಭೆಯ ಪುಸ್ತಕಗಳಲ್ಲಿ ಏನಿದೆ? ದೀಕ್ಷಾಸ್ನಾನದ ದಾಖಲೆಯಲ್ಲಿಯೂ ತಂದೆಯ ಹೆಸರಿನ ಕಾಲಮು ಉಂಟು. ಅದನ್ನು ತುಂಬುವಾಗ ನಾವು ಯಾವ ಧ್ವನಿಯಿಂದ, ಎಷ್ಟು ಜನರ ಎದುರಿಗೆ ಕೇಳುತ್ತೇವೆಂಬದನ್ನು ಹಿರಿಯರು ಕೂಡಿಕೊಂಡು ವಿಚಾರಿಸುವದು ಒಳ್ಳೆಯದು.

ಕಡೆಯದಾಗಿ ೨೦೨೫ರ ಕಾನೂನು. ದೇವದಾಸಿ ತಾಯಂದಿರ ಮಕ್ಕಳು ಸ್ವತಃ ಸಂಘಟಿತರಾಗಿ, ವಿಮುಕ್ತ ದೇವದಾಸಿ ಮಹಿಳಾ ಮತ್ತು ಮಕ್ಕಳ ವೇದಿಕೆಯ ಮೂಲಕ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯವರ ಸಹಾಯದಿಂದ ವರುಷಗಟ್ಟಲೆ ಬೇಡಿಕೊಂಡದ್ದರ ಫಲವಾಗಿ ಕರ್ನಾಟಕದ ವಿಧಾನಮಂಡಲವು ಹೊಸ ಮಸೂದೆಯನ್ನು ಅಂಗೀಕರಿಸಿತು. ಹಳೆಯ ಕಾನೂನಿನಲ್ಲಿ ಸಮರ್ಪಣೆಯ ನಿಷೇಧವಿತ್ತು. ಹೊಸದರಲ್ಲಿ ಮಗುವಿನ ಮಾತು ಬಂದಿದೆ. ಅರ್ಜಿಗಳಲ್ಲಿ ಇಂಥಾ ಮಕ್ಕಳು ತಂದೆಯ ಹೆಸರನ್ನು ಕೊಡಲೇಬೇಕೆಂಬ ಒತ್ತಾಯವಿಲ್ಲ. ತಂದೆ ಯಾರೆಂಬದನ್ನು ನ್ಯಾಯವಾಗಿ ಸ್ಥಾಪಿಸಿಕೊಂಡು ಹಕ್ಕು ಕೇಳಬೇಕೆಂಬವರಿಗೆ ಅದಕ್ಕೂ ದಾರಿ ಇಟ್ಟಿದೆ. ಒಂದೇ ಕಾನೂನಿನಲ್ಲಿ ಈ ಎರಡೂ ಇರುವದು ನನಗೆ ಬಹು ಸರಿಯಾಗಿ ಕಾಣುತ್ತದೆ: ಹೆಸರು ಬೇಕಾದವರಿಗೆ ಹೆಸರು, ಬೇಡವಾದವರಿಗೆ ತಾಯಿ.

ಆದರೆ ಬೆಂಗಳೂರಿನಲ್ಲಿ ಆದ ಕಾನೂನು ಹಳ್ಳಿಯ ಶಾಲೆಯ ಮೇಜಿನವರೆಗೆ ತಾನಾಗಿ ನಡೆದು ಬರುವದಿಲ್ಲವೆಂಬದನ್ನು ೧೮೫೮ರ ಆಜ್ಞೆಯ ಕಥೆಯಲ್ಲಿ ನೋಡಿದೆವು. ಅದನ್ನು ತರುವವರು ಊರಿನವರು. ಪ್ರತಿ ಸರಕಾರಿ ಶಾಲೆಯಲ್ಲಿಯೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುತ್ತದೆ. ಶಿಕ್ಷಣದ ಹಕ್ಕಿನ ಕಾನೂನಿನಂತೆ ಇಂಥಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳು ಅಥವಾ ಪಾಲಕರು, ಅರ್ಧ ಪಾಲು ಹೆಂಗಸರು. ಅನನುಕೂಲಕ್ಕೆ ಒಳಗಾದ ಮಕ್ಕಳ ಪಾಲಕರಿಗೂ ಅವರ ಪ್ರಮಾಣದಷ್ಟು ಸ್ಥಾನ. ಊರಿನಲ್ಲಿ ಮಾಜಿ ದೇವದಾಸಿಯರ ಮನೆಗಳಿದ್ದರೆ ಅವರಲ್ಲಿ ಒಬ್ಬ ತಾಯಿಯನ್ನು ಈ ಸಮಿತಿಯಲ್ಲಿ ಕೂಡ್ರಿಸಿರಿ. ಮೂಲೆಯಲ್ಲಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಕಳುಹಿಸುವದಕ್ಕೆ ಕೂಡ್ರಿಸುವದು ಎನ್ನುವದಿಲ್ಲ. ಕುರ್ಚಿ ಕೊಟ್ಟು, ಅವ್ವಾ, ನಿಮ್ಮ ಮಾತೇನು ಹೇಳ್ರಿ, ಎಂದು ಕೇಳಬೇಕು. ಮಾಸ್ತರರ ಕೂಡ ಸಮಿತಿಯವರು ಮಾತಾಡಿಕೊಂಡು, ಅಪ್ಪನ್ನ ಕರಕೊಂಡು ಬಾ ಎಂಬಲ್ಲಿ ಮನೆಯವರನ್ನು ಕರಕೊಂಡು ಬಾ ಎನ್ನುವ ರೂಢಿ ಮಾಡಿದರೆ ವಿಧವೆಯರ ಮಕ್ಕಳಿಗೂ, ಗಂಡ ಬಿಟ್ಟವರ ಮಕ್ಕಳಿಗೂ ಅದೇ ಮಾತಿನಿಂದ ಉಪಕಾರವಾಗುವದು. ಇದಕ್ಕೆ ಒಂದು ಕಾಸಿನ ಖರ್ಚಿಲ್ಲ.

ಬರುವ ದಾಖಲಾತಿಯ ಕಾಲದಲ್ಲಿ ಮಾಡತಕ್ಕದ್ದನ್ನು ಬರೆದು ಮುಗಿಸುತ್ತೇನೆ. ತಾಯಿಯನ್ನು ಒಬ್ಬಳನ್ನೇ ಕಳುಹಿಸಬೇಡಿರಿ; ಸಂಘದವರಾಗಲಿ ನೆರೆಯವರಾಗಲಿ ಇಬ್ಬರು ಕೂಡ ಹೋಗಲಿ. ಗದ್ದಲವಿರುವ ದಿನಕ್ಕಿಂತ ಒಂದು ದಿನ ಮುಂಚೆ ಹೋಗಿ ಹೆಡ್ ಮಾಸ್ತರರ ಕೂಡ ಬೇರೆಯಾಗಿ ಮಾತಾಡುವದು ಲೇಸು. ಜನನದ ದಾಖಲೆ, ತಾಯಿಯ ಆಧಾರ್ ಕಾರ್ಡು, ರೇಷನ್ ಕಾರ್ಡು ಇದ್ದರೆ ಒಯ್ಯಿರಿ. ಇಲ್ಲದಿದ್ದರೆ ಹಾಗೆಯೇ ಹೋಗಿರಿ, ಕಾಗದವಿಲ್ಲವೆಂದು ಮಗುವನ್ನು ಬಿಡುವಂತಿಲ್ಲ. ತಂದೆಯ ಕಾಲಮಿನಲ್ಲಿ ಅಜ್ಜನ ಹೆಸರಾಗಲಿ ಮಾವನ ಹೆಸರಾಗಲಿ ಬರೆಯಿಸಬೇಡಿರಿ. ಮಾಸ್ತರರು ಪ್ರೀತಿಯಿಂದ ಹಾಗೆ ಮಾಡುತ್ತೇನೆಂದರೂ ಬೇಡವೆನ್ನಿರಿ. ಹೆಡ್ ಮಾಸ್ತರರು ಒಪ್ಪದಿದ್ದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿರುವ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ, ಅಲ್ಲಿಯೂ ಆಗದಿದ್ದರೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರಿಗೂ ಬರೆಯಬೇಕು. ಮಗಳಿಗೆ ಮುತ್ತು ಕಟ್ಟುವ ಸುಳಿವು ಸಿಕ್ಕರೆ ೧೦೯೮ಕ್ಕೆ ಫೋನ್ ಮಾಡಿರಿ, ಹಣ ಬೀಳುವದಿಲ್ಲ. ಬಾಯಿಮಾತಿನಿಂದ ಯಾರನ್ನೂ ಒಪ್ಪಿಸಲು ಹೋಗದೆ ಅರ್ಜಿಯನ್ನು ಬರೆದೇ ಕೊಡಿರಿ, ಅದರ ಒಂದು ನಕಲಿನ ಮೇಲೆ ಶಾಲೆಯ ಮುದ್ರೆಯನ್ನೂ ತಾರೀಖನ್ನೂ ಹಾಕಿಸಿ ತಾಯಿಯ ಕೈಯಲ್ಲಿ ಕೊಡಿರಿ.